ಅರ್ಧ ಕಿಲೋ ರಿವಾಲ್ವರ್‌ಗೆ ಯಾವ ತೋಟಾ?

ನೀವು ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟವಿದೆ, ಈ ವರ್ಷ ಪರವಾನಗಿ ಸಿಕ್ಕಿದೆ, ಅರ್ಧ ಕಿಲೋ ತೂಕದ .32 ಬೋರಿನ (ಬೋರು ಎಂದರೆ ನಳಿಗೆಯ ಒಳ ಅಳತೆ, ಇಲ್ಲಿ ಇಂಚಿನ ಲೆಕ್ಕದಲ್ಲಿ) ರಿವಾಲ್ವರ್ ಕೊಂಡಿದ್ದೀರಿ. ಜೇಬಿನಲ್ಲಿಟ್ಟುಕೊಳ್ಳುವ ಈ ಪುಟ್ಟ ಆಯುಧಕ್ಕೆ ದೇಶಿ ಸೀಸದ ತೋಟಾ ಸಾಕೇ, ಇಲ್ಲ ಸ್ನೇಹಿತರು ಹೇಳುವಂತೆ ನಾಲ್ಕು ಪಟ್ಟು ಹಣ ಸುರಿದು ಮೂತಿ ಟೊಳ್ಳಾದ ವಿದೇಶಿ ಗುಂಡು ಹುಡುಕಬೇಕೇ ಎಂದು ಕೇಳಿದ್ದೀರಿ. ಹೊಸನಗರ ತಾಲ್ಲೂಕಿನಲ್ಲಿ ಅಡಿಕೆ ಬೆಳೆಯುವ ನಾನು ಒಂಬತ್ತು ವರ್ಷಗಳಿಂದ ನಿಮ್ಮದೇ ತೂಕದ ರಿವಾಲ್ವರ್ ಇಟ್ಟುಕೊಂಡಿದ್ದೇನೆ. ಮಂಡಿಯಲ್ಲಿ ಅಡಿಕೆ ಮಾರಿ ಸಂಜೆ ಕಾನಿನ ದಾರಿಯಲ್ಲಿ ಒಬ್ಬನೇ ಮರಳುವ ದಿನಗಳಿಗಾಗಿ ಪಡೆದದ್ದು. ನನ್ನ ಉತ್ತರ ಇಷ್ಟು: ದೇಶಿ ಸೀಸದ ತೋಟಾವನ್ನೇ ಕೊಳ್ಳಿ, ಹೊಸದನ್ನು ಕೊಳ್ಳಿ, ಮಳೆಗಾಲದಲ್ಲಿ ಕೆಡದಂತೆ ಕಾಪಾಡಿ, ಉಳಿದ ಹಣವನ್ನು ಅಭ್ಯಾಸಕ್ಕೆ ಹಾಕಿ.

ಆದರೆ ಯಾವ ತೋಟಾ ಉತ್ತಮ ಎನ್ನುವುದಕ್ಕಿಂತ ಮೊದಲು ಯಾವ ತೋಟಾ ನಿಮ್ಮ ರಿವಾಲ್ವರಿನದು ಎಂಬುದು ಖಚಿತವಾಗಬೇಕು. ನಮ್ಮಲ್ಲಿ ಎರಡು ಬೇರೆ ಬೇರೆ ತೋಟಾಗಳನ್ನು ಬಾಯಿಮಾತಿನಲ್ಲಿ ‘.32’ ಎಂದೇ ಕರೆಯುತ್ತಾರೆ. ರಿವಾಲ್ವರಿನದು .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್, 1896ರಷ್ಟು ಹಳೆಯದು. ಪಿಸ್ತೂಲಿನದು .32 ಎಸಿಪಿ, ಜಾನ್ ಬ್ರೌನಿಂಗ್ ತನ್ನ ಪಿಸ್ತೂಲಿಗಾಗಿ 1899ರಲ್ಲಿ ರೂಪಿಸಿದ್ದು. ಮಿಲಿಮೀಟರ್ ಲೆಕ್ಕದಲ್ಲಿ ಬರೆದರೆ ಒಂದು 7.65×23, ಇನ್ನೊಂದು 7.65×17; ಮೊದಲ ಅಂಕಿ ಬೋರಿನದು, ಎರಡನೆಯದು ಹಿತ್ತಾಳೆ ಕೊಳವೆಯ ಉದ್ದ.

ನಾನು ರಿವಾಲ್ವರ್ ಕೊಂಡ ಎರಡನೇ ವರ್ಷ ಅಂಗಡಿಯೊಂದರಲ್ಲಿ ‘ಮೂವತ್ತೆರಡರ ತೋಟಾ ಕೊಡಿ’ ಎಂದೆ. ಹುಡುಗ ಪೆಟ್ಟಿಗೆ ಕೊಟ್ಟ, ಪರವಾನಗಿ ಪುಸ್ತಕದಲ್ಲಿ ನಮೂದಾಯಿತು, ಮನೆಗೆ ಬಂದೆ. ರಾತ್ರಿ ದೀಪದ ಕೆಳಗೆ ಹಳೆಯ ಪೆಟ್ಟಿಗೆಯ ಒಂದನ್ನೂ ಹೊಸದರ ಒಂದನ್ನೂ ಅಂಗೈಯಲ್ಲಿ ಅಕ್ಕಪಕ್ಕ ಇಟ್ಟಾಗ ಎದೆ ಝಲ್ಲೆಂದಿತು. ಹೊಸದರ ಹಿತ್ತಾಳೆ ಕೊಳವೆ ಒಂದು ಅಕ್ಕಿಕಾಳಿನಷ್ಟು ಗಿಡ್ಡ. ಹಳೆಯದರ ಬುಡದ ಅಂಚು ಟೋಪಿಯಂತೆ ಹೊರಚಾಚಿ ಉಗುರಿಗೆ ಎಡವುತ್ತಿತ್ತು. ಹೊಸದರ ಅಂಚು ಕೂದಲೆಳೆಯಷ್ಟೇ ಹೊರಗೆ, ಅದರ ಮೇಲುಗಡೆ ಒಂದು ಕಾಲುವೆ. ಹಳೆಯದರ ಗುಂಡು ಬೂದುಬಣ್ಣದ ಸೀಸ, ಹೊಸದರದು ತಾಮ್ರದ ಕವಚ ಹೊದ್ದದ್ದು. ಅದು ಪಿಸ್ತೂಲಿನ ತೋಟಾ.

ಭಯವೇಕೆಂದರೆ, ಈ ಪಿಸ್ತೂಲಿನ ತೋಟಾ ಅನೇಕ ರಿವಾಲ್ವರ್‌ಗಳ ಸಿಲಿಂಡರಿನೊಳಗೆ (ತೋಟಾ ತುಂಬುವ, ತಿರುಗುವ ಭಾಗ) ಇಳಿದು ಕುಳಿತುಬಿಡುತ್ತದೆ. ಆದರೆ ಅಮೆರಿಕದ ಉದ್ಯಮ ಮಾನದಂಡದಲ್ಲಿ ಲಾಂಗ್ ತೋಟಾದ ಒತ್ತಡದ ಮಿತಿ 15,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಎಸಿಪಿಯದು 20,500. ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಒತ್ತಡವನ್ನು ಹಗುರ ಲೋಹದ ಸಣ್ಣ ಸಿಲಿಂಡರಿನ ಮೇಲೆ ಹೇರಬಾರದು. ಮರುದಿನವೇ ಪೆಟ್ಟಿಗೆ ಹಿಂತಿರುಗಿಸಿ, ನಮೂದನ್ನು ಸರಿಪಡಿಸಿಕೊಂಡು ಬಂದೆ. ಅಂದಿನಿಂದ ಅಂಗಡಿಯ ಮೇಜಿನ ಮೇಲೆಯೇ ಪೆಟ್ಟಿಗೆ ಬಿಚ್ಚಿಸುತ್ತೇನೆ. ಪೆಟ್ಟಿಗೆಯ ಹೆಸರು, ತೋಟಾದ ಬುಡದಲ್ಲಿ ಒತ್ತಿದ ಅಕ್ಷರ, ನಳಿಗೆಯ ಮೇಲೆ ಕೊರೆದದ್ದು, ಪರವಾನಗಿಯಲ್ಲಿ ಬರೆದದ್ದು, ನಾಲ್ಕೂ ತಾಳೆಯಾಗದಿದ್ದರೆ ಹಣ ಕೊಡುವುದಿಲ್ಲ. ನೀವೂ ಹಾಗೆಯೇ ಮಾಡಿ.

ಇನ್ನು ಹಗುರ ಆಯುಧದ ಸ್ವಭಾವ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ‘ನಿರ್ಭೀಕ್’ ಎಂಬ ಟೈಟಾನಿಯಂ ಮಿಶ್ರಲೋಹದ, ಸುಮಾರು 500 ಗ್ರಾಂ ತೂಕದ ರಿವಾಲ್ವರ್ ತಂದ ಮೇಲೆ ಎಲ್ಲರ ಬಾಯಲ್ಲೂ ‘ಹಗುರ’ ಎಂಬ ಮಾತೇ. ಹೊರುವವನಿಗೆ ಹಗುರ ಸುಖ, ಹೊಡೆಯುವವನಿಗೆ ಕಷ್ಟ. ಕೋವಿ ಒದೆಯುತ್ತದೆ ಎನ್ನುತ್ತೇವಲ್ಲ, ಆ ಒದೆತದ ಶಕ್ತಿ ಆಯುಧದ ತೂಕಕ್ಕೆ ವಿಲೋಮವಾಗಿರುತ್ತದೆ. ಒಂದೇ ತೋಟಾ, ಒಂದು ಕಿಲೋ ರಿವಾಲ್ವರಿನಲ್ಲಿ ಒದೆಯುವುದರ ಎರಡರಷ್ಟು ಅರ್ಧ ಕಿಲೋದ್ದರಲ್ಲಿ ಒದೆಯುತ್ತದೆ. ಇದರ ಜೊತೆಗೆ ಟ್ರಿಗರ್ ಬೇರೆ. ಕುದುರೆಯನ್ನು (ತೋಟಾದ ಬುಡಕ್ಕೆ ಬಡಿಯುವ ಹಿಂಬದಿಯ ಸುತ್ತಿಗೆ) ಮೊದಲೇ ಎಳೆದಿಡದೆ ನೇರವಾಗಿ ಟ್ರಿಗರ್ ಎಳೆದರೆ ಇಂಥ ರಿವಾಲ್ವರ್‌ಗಳಿಗೆ ನಾಲ್ಕೈದು ಕಿಲೋದಷ್ಟು ಬಲ ಬೇಕಾಗುತ್ತದೆ. ಅರ್ಧ ಕಿಲೋ ವಸ್ತುವನ್ನು ಗಾಳಿಯಲ್ಲಿ ಹಿಡಿದು ಅದರ ಒಂದು ಮೂಲೆಯನ್ನು ಅದರ ತೂಕದ ಎಂಟು ಹತ್ತು ಪಟ್ಟು ಬಲದಿಂದ ಎಳೆಯುತ್ತಿದ್ದೀರಿ. ನಳಿಗೆಯ ತುದಿ ಅಲುಗದಿರುತ್ತದೆಯೇ? ಜೋರಾಗಿ ಒದೆಯುವ ತೋಟಾ ತುಂಬಿದರೆ ಎರಡನೆಯ ಈಡಿಗೆ ಕೈ ತಾನಾಗಿಯೇ ಅಳುಕುತ್ತದೆ.

ಸೀಸದ ದುಂಡುಮೂತಿಯ ಲಾಂಗ್ ತೋಟಾದ ಗುಣವೇ ಅದರ ಸೌಮ್ಯತೆ. ಸುಮಾರು 6.35 ಗ್ರಾಂ ಗುಂಡು, ಸೆಕೆಂಡಿಗೆ 215 ಮೀಟರ್ ಆಸುಪಾಸಿನ ವೇಗ, 150 ಜೌಲ್‌ನಷ್ಟು ಶಕ್ತಿ. ನಾಗರಿಕರಿಗೆ ನಿಷೇಧಿತವಾದ 9 ಎಂಎಂ ತೋಟಾದ ಶಕ್ತಿಗೆ ಹೋಲಿಸಿದರೆ ಇದು ಮೂರನೇ ಒಂದು ಪಾಲು ಮಾತ್ರ. ಈ ಅಂಕಿ ನೋಡಿಯೇ ನಿಮ್ಮ ಸ್ನೇಹಿತರು ಟೊಳ್ಳುಮೂತಿಯ ಗುಂಡಿನ ಮಾತೆತ್ತಿರಬೇಕು. ಟೊಳ್ಳುಮೂತಿಯ ಗುಂಡು ತಾಗಿದಾಗ ಅರಳಿ ಅಗಲವಾಗಬೇಕು, ಅದಕ್ಕೆ ವೇಗ ಬೇಕು. ಮೂರಂಗುಲದ ನಳಿಗೆಯಿಂದ ನಿಧಾನವಾಗಿ ಹೊರಡುವ ಈ ಗುಂಡಿಗೆ ಆ ವೇಗವಿಲ್ಲ. ಬಹುಪಾಲು ಅದು ಅರಳದೆ ಸಾಮಾನ್ಯ ಗುಂಡಿನಂತೆಯೇ ವರ್ತಿಸುತ್ತದೆ. ವೇಗ ಹೆಚ್ಚಿಸಲೆಂದು ಗುಂಡನ್ನು ಹಗುರ ಮಾಡಿದರೆ ಅರಳಬಹುದು, ಆದರೆ ಆಳಕ್ಕೆ ಇಳಿಯುವ ಬಲ ಉಳಿಯುವುದಿಲ್ಲ. ದೊಡ್ಡ ಬೋರಿನಲ್ಲಿ ಅರ್ಥವಿರುವ ಖರ್ಚು ಈ ಸಣ್ಣ ಬೋರಿನಲ್ಲಿ ವ್ಯರ್ಥ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಖರತೆಯ ವಿಷಯದಲ್ಲಿ ಮಾತ್ರ ಈ ತೋಟಾವನ್ನು ಯಾರೂ ಹೀಗಳೆಯಬಾರದು. ಅಂತರರಾಷ್ಟ್ರೀಯ ಶೂಟಿಂಗ್‌ನ 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಯಲ್ಲಿ ಇದೇ .32 ಲಾಂಗ್ ತೋಟಾವನ್ನು ಮೊಂಡುಮೂತಿಯ ಗುಂಡು ಹಾಕಿ ಬಳಸುತ್ತಾರೆ.

ತೋಟಾ ಬದಲಾದರೆ ಗುರಿಯೂ ಬದಲಾಗುತ್ತದೆ ಎಂಬುದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ನಿಮ್ಮ ರಿವಾಲ್ವರಿನ ಗುರಿಮೊನೆ ಹೊಂದಿಸಲು ಬಾರದಂತೆ ಎರಕವಾಗಿರುತ್ತದೆ. ನಿಧಾನವಾದ ಭಾರದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ; ಅಷ್ಟರಲ್ಲಿ ಒದೆತಕ್ಕೆ ನಳಿಗೆಯ ತುದಿ ಮೇಲೇಳುತ್ತಿರುತ್ತದೆ; ಗುಂಡು ಮೇಲೆ ಬೀಳುತ್ತದೆ. ಹಗುರವಾದ ವೇಗದ ಗುಂಡು ಬೇಗ ಹೊರಟು ಕೆಳಗೆ ಬೀಳುತ್ತದೆ. ಆಯುಧ ಹಗುರವಾದಷ್ಟೂ ಈ ಅಂತರ ಎದ್ದು ಕಾಣುತ್ತದೆ. ಅಭ್ಯಾಸಕ್ಕೆ ಅಗ್ಗದ್ದು, ಜೇಬಿಗೆ ದುಬಾರಿಯದ್ದು ಎಂದು ಎರಡು ಬಗೆ ಇಟ್ಟುಕೊಂಡರೆ, ನೀವು ಕಲಿತ ಗುರಿ ಒಂದು, ಆಪತ್ತಿನಲ್ಲಿ ಹಾರುವ ಗುಂಡು ಇನ್ನೊಂದು. ಯಾವುದನ್ನು ಹೊಡೆದು ಪಳಗಿದ್ದೀರೋ ಅದನ್ನೇ ಇಟ್ಟುಕೊಳ್ಳಿ.

ನನ್ನ ಅಳತೆಗೋಲು ಹಾಳೆತಟ್ಟೆ. ರೈಫಲ್ ಸಂಘದ ರೇಂಜಿನಲ್ಲಿ ಏಳು ಮೀಟರ್ ದೂರಕ್ಕೆ ಊಟದ ಹಾಳೆತಟ್ಟೆಯಷ್ಟು ದೊಡ್ಡ ಗುರಿ ಅಂಟಿಸಿ, ಅವಸರವಿಲ್ಲದೆ ಆರು ಈಡು. ಆರೂ ಒಳಗೆ ಬಿದ್ದರೆ ಆ ತೋಟಾ ನಿಮ್ಮ ಕೈಗೆ ಒಗ್ಗಿದೆ. ಇದನ್ನು ದಯವಿಟ್ಟು ತೋಟದಲ್ಲಿ ಮಾಡಬೇಡಿ. ಪುಟ್ಟ ಗುಂಡಾದರೂ ಒಂದು ಕಿಲೋಮೀಟರಿನಷ್ಟು ಹೋಗಬಲ್ಲದು. ಗುಡ್ಡದಾಚೆ ಸೊಪ್ಪು ಕಡಿಯುವವರು ನಮಗೆ ಕಾಣುವುದಿಲ್ಲ.

ಈಗ ಮಳೆಯ ವಿಷಯ. ತೋಟಾದ ಬಗ್ಗೆ ಓದಲು ಸಿಗುವುದೆಲ್ಲ ಒಣ ಊರಿನವರು ಬರೆದದ್ದು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ನಿಮ್ಮ ನನ್ನ ಮನೆಯಲ್ಲಿ ಜುಲೈ ಬಂತೆಂದರೆ ಚಪ್ಪಲಿಗೂ ಬೂಸ್ಟು, ಪುಸ್ತಕಕ್ಕೂ ಬೂಸ್ಟು. ಮೊದಲ ವರ್ಷ ನಾನು ಹನ್ನೆರಡು ತೋಟಾಗಳನ್ನು ಚಂದದ ಚರ್ಮದ ಪಟ್ಟಿಯ ಕುಣಿಕೆಗಳಿಗೆ ಸಿಕ್ಕಿಸಿ ಕಪಾಟಿನಲ್ಲಿಟ್ಟಿದ್ದೆ. ದೀಪಾವಳಿ ಕಳೆದು ತೆಗೆದರೆ ಚರ್ಮ ತಾಗಿದಲ್ಲೆಲ್ಲ ಹಸಿರು ಕಿಲುಬು, ಹಳೆ ತಂಬಿಗೆಯ ಕಂಠದಲ್ಲಿ ಕಟ್ಟುವಂಥದ್ದೇ. ಚರ್ಮ ಹದಮಾಡುವ ಒಗರಿನ ಪದಾರ್ಥವೂ ತೇವವೂ ಸೇರಿ ಹಿತ್ತಾಳೆಯನ್ನು ತಿನ್ನುತ್ತವೆ. ಆ ಹನ್ನೆರಡರಲ್ಲಿ ಎರಡು ರೇಂಜಿನಲ್ಲಿ ಸಿಡಿಯಲೇ ಇಲ್ಲ.

ಈಗ ತೋಟಾಗಳು ಅಂಗಡಿಯ ಪೆಟ್ಟಿಗೆಯಲ್ಲಿಯೇ, ಆ ಪೆಟ್ಟಿಗೆ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿಯೊಳಗೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ, ಎಲ್ಲವೂ ಬೀಗದೊಳಗೆ. ನಮ್ಮ ಅಜ್ಜ ಮದ್ದು, ಅದಕ್ಕೆ ಕಿಡಿ ಕೊಡುವ ಕೇಪುಗಳನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರಂತೆ, ತೇವ ತಾಗಬಾರದೆಂದು. ಈ ಕಾಲದ ತೋಟಾಕ್ಕೆ ಅದು ಸಲ್ಲದು. ನಿತ್ಯದ ಕಾವು ಒಳಗಿನ ಮದ್ದನ್ನು ಹಾಳುಮಾಡುತ್ತದೆ. ತೋಟಾಕ್ಕೆ ಎಣ್ಣೆಯನ್ನಂತೂ ಹಚ್ಚಲೇಬೇಡಿ. ರಿವಾಲ್ವರ್ ಒರೆಸಿದ ಎಣ್ಣೆಬಟ್ಟೆಯಲ್ಲೇ ತೋಟಾ ಒರೆಸುವವರನ್ನು ಕಂಡಿದ್ದೇನೆ. ತೆಳುವಾದ ಎಣ್ಣೆ ಬುಡದ ಕೇಪಿನ ಸಂದಿಯಿಂದ ಒಳಗಿಳಿದು ಅದನ್ನು ಸಾಯಿಸಬಹುದು. ಸಿಲಿಂಡರಿನ ಗುಳಿಗಳನ್ನೂ ಒಣಬಟ್ಟೆಯಿಂದ ಒರೆಸಿದ ಮೇಲೆಯೇ ತುಂಬಿಸಿ. ಆಯುಧಪೂಜೆಗೆ ರಿವಾಲ್ವರ್ ಖಾಲಿ ಮಾಡಿಡಿ, ತೋಟಾಗಳಿಗೆ ಕುಂಕುಮದ ನೀರು ತಾಗಿಸಬೇಡಿ, ಹೂವು ಸಾಕು.

ಜೇಬಿನಲ್ಲಿ ತಿರುಗಿದ ಆರು ತೋಟಾಗಳಿಗೆ ನಾನು ಒಂದು ವರ್ಷಕ್ಕಿಂತ ಹೆಚ್ಚು ಆಯಸ್ಸು ಕೊಡುವುದಿಲ್ಲ. ಬೆವರು, ಮಳೆಹನಿ, ಬಟ್ಟೆಯ ಜುಂಗು ಎಲ್ಲವನ್ನೂ ಉಂಡಿರುತ್ತವೆ. ಅಡಿಕೆ ಕೊನೆಕೊಯ್ಲು ಮುಗಿದ ಮೇಲೆ ರೇಂಜಿಗೆ ಹೋಗಿ ಅವನ್ನೇ ಹೊಡೆದು ಮುಗಿಸಿ ಹೊಸದು ತುಂಬುತ್ತೇನೆ. ರಿವಾಲ್ವರ್ ಬರಿದೇ ಜೇಬಿಗೆ ಇಳಿಸಬೇಡಿ. ಟ್ರಿಗರ್ ಮುಚ್ಚುವ ಚೀಲ ಇರಲಿ, ಆ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಏನೂ ಬೇಡ.

ತೇವ ತಿಂದ ತೋಟಾ ಎರಡು ರೀತಿಯಲ್ಲಿ ಕೇಡು ಮಾಡುತ್ತದೆ, ಎರಡನ್ನೂ ತಿಳಿದಿರಿ. ‘ಟಕ್’ ಎಂದು ಕೇಪಿಗೆ ಪೆಟ್ಟು ಬಿದ್ದು ಸದ್ದಾಗದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ರೇಂಜಿನಲ್ಲಿ ಅವಸರಪಟ್ಟು ಮತ್ತೆ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗುತ್ತದೆ. ತಡವಾಗಿ ಸಿಡಿಯುವ ತೋಟಾ ಆಗ ನಳಿಗೆಗೆ ನೇರವಾಗಿರುವುದಿಲ್ಲ. ಇನ್ನೊಂದು ಇದಕ್ಕಿಂತ ಅಪಾಯ: ಸದ್ದು ಎಂದಿನಂತಿಲ್ಲದೆ ಸಪ್ಪಗೆ ‘ಪುಸ್’ ಎಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿ, ನಳಿಗೆ ತೆರವಾಗಿದೆಯೇ ನೋಡಿಸಿ. ಅದರ ಹಿಂದೆ ಇನ್ನೊಂದು ಗುಂಡು ಹೋದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು.

ಸೀಸದ ಗುಂಡು ನಳಿಗೆಯಲ್ಲಿ ಮಸಿಯಂಥ ಪದರ ಬಿಡುತ್ತದೆ, ಪ್ರತಿ ಅಭ್ಯಾಸದ ನಂತರ ಬ್ರಷ್ ಹಾಕಲೇಬೇಕು. ಅದೇ ಸೀಸ ಬೆರಳಿಗೂ ಹತ್ತುತ್ತದೆ, ಸೀಸ ವಿಷ. ನಮ್ಮ ಕಡೆ ರೇಂಜಿನಿಂದ ಹೊರಬಂದ ಕೂಡಲೇ ಎಲೆಗೆ ಸುಣ್ಣ ಹಚ್ಚುವ ಅಭ್ಯಾಸ ಬಹಳ ಜನರಿಗೆ. ಸೋಪು ಹಾಕಿ ಕೈ ತೊಳೆಯುವ ತನಕ ತಡೆಯಿರಿ.

ತೋಟಕ್ಕೆ ಬರುವ ಹಂದಿ, ಕಾಡುಕೋಣಕ್ಕೂ ಇದು ಆಗುತ್ತದೆಯೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಆಗುವುದಿಲ್ಲ. 150 ಜೌಲ್‌ನ ಗುಂಡು ಹಂದಿಯನ್ನು ಗಾಯಗೊಳಿಸಿ ನಿಮ್ಮ ಮೇಲೆಯೇ ತಿರುಗಿಸುತ್ತದೆ, ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮದುವೆ ಮನೆಯಲ್ಲಿ ಗಾಳಿಗೆ ಹಾರಿಸಲು ಒತ್ತಾಯಿಸುವವರಿಗೂ ಸ್ಪಷ್ಟವಾಗಿ ಇಲ್ಲ ಎನ್ನಿ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅದಕ್ಕೆ ಎರಡು ವರ್ಷದವರೆಗೆ ಜೈಲಿದೆ.

ಎಷ್ಟು ಕೊಳ್ಳಬೇಕು? ಒಂದೇ ಬಾರಿಗೆ ಎಷ್ಟು, ವರ್ಷಕ್ಕೆ ಎಷ್ಟು ಎಂಬುದು ನಿಮ್ಮ ಪರವಾನಗಿಯಲ್ಲಿಯೇ ಬರೆದಿರುತ್ತದೆ. ಆ ಮಿತಿಯೊಳಗೆ ನಾನಾದರೆ ಮೊದಲ ಖರೀದಿಗೆ 50 ಕೊಳ್ಳುತ್ತೇನೆ, ಎಲ್ಲವೂ ಒಂದೇ ತಯಾರಿಕೆಯವು. ಅವುಗಳಲ್ಲಿ 30 ಅಭ್ಯಾಸಕ್ಕೆ, 6 ಜೇಬಿಗೆ, ಉಳಿದದ್ದು ಡಬ್ಬಿಗೆ. ಹೊಡೆದ ಖಾಲಿ ಕೊಳವೆಗಳನ್ನು ಎಸೆಯದೆ ಎಣಿಸಿಟ್ಟುಕೊಳ್ಳಿ, ಲೆಕ್ಕ ಕೇಳಿದಾಗ ತೋರಿಸಲು ಬೇಕಾಗುತ್ತದೆ. ಚುನಾವಣೆ ಬಂದರೆ ಆಯುಧವನ್ನು ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದಲ್ಲ, ಒಪ್ಪಿಸುವ ಹಿಂದಿನ ದಿನ ಒರೆಸಿ ಎಣ್ಣೆ ಹಚ್ಚಿ. ಮರಳಿ ಪಡೆದಾಗ ತುಂಬಿಸುವ ಮುನ್ನ ಒಂದೊಂದು ತೋಟಾವನ್ನೂ ಬೆಳಕಿಗೆ ಹಿಡಿದು ಬುಡ ನೋಡಿ. ಕಿಲುಬು ಕಂಡದ್ದನ್ನು ಬೇರೆ ಇಟ್ಟು ಅಂಗಡಿಯವರಿಗೇ ಒಪ್ಪಿಸಿ. ಮೊದಲ 30 ಹೊಡೆದ ಮೇಲೆ ಹಾಳೆತಟ್ಟೆಯಲ್ಲಿ ಎಷ್ಟು ಬಿದ್ದವು ಎಂದು ಇಲ್ಲಿಯೇ ಬರೆಯಿರಿ. ಮೇಲೆ ಬೀಳುತ್ತಿವೆಯೋ ಕೆಳಗೋ ತಿಳಿಸಿದರೆ ಹಿಡಿತದ ಬಗ್ಗೆ ಮುಂದೆ ಹೇಳುತ್ತೇನೆ.