ಒಂದೇ ಹೆಸರಿನ ಎರಡು ಅಡವಿ ಉಳ್ಳಾಗಡ್ಡಿ

ಪ್ರಶ್ನೆ: ನಮ್ಮ ಹೊಲದ ಬದುವಿಗೆ ಹತ್ತಿದ ಕಲ್ಲುದಿಬ್ಬದಾಗ ಏಪ್ರಿಲ್‌ನಲ್ಲಿ ಎಲೆಯೇ ಇಲ್ಲದ ಕಡ್ಡಿ ಎದ್ದು ಕಂದು ಹೂ ಬಿಟ್ಟಿತ್ತು. ಮಳೆ ಬಿದ್ದ ಮೇಲೆ ಅಲ್ಲೇ ಚುಕ್ಕಿ ಎಲೆಯ ಗಿಡ ಬಂದಿದೆ. ಎರಡಕ್ಕೂ ಅಡವಿ ಉಳ್ಳಾಗಡ್ಡಿ ಅಂತಾರೆ. ಒಂದೇ ಗಿಡವೇ? ಕುಂಡದಲ್ಲಿ ಬೆಳೆಸಬಹುದೇ?
– ಓದುಗರು, ಔರಾದ್, ಬೀದರ್ ಜಿಲ್ಲೆ

ಉತ್ತರ: ಒಂದೇ ಅಲ್ಲ, ದಾಯಾದಿಗಳು. ಎರಡೂ ಶತಾವರಿಯ ಕುಟುಂಬದವು. ಬೇಸಿಗೆಯದು ಡ್ರಿಮಿಯಾ ಇಂಡಿಕಾ. ಹಳೆಯ ಪುಸ್ತಕಗಳಲ್ಲಿ ಅರ್ಜಿನಿಯಾ ಎಂದಿರುತ್ತದೆ. ಚುಕ್ಕಿ ಎಲೆಯದು ಲೆಡೆಬೂರಿಯಾ ರೆವೊಲ್ಯೂಟಾ.

ಡ್ರಿಮಿಯಾಕ್ಕೆ ಹೂ ಮೊದಲು, ಎಲೆ ಆಮೇಲೆ. ಹೂ ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ಮುದುಡುತ್ತದೆ. ಹಗಲು ಹೋದವರಿಗೆ ಬರೀ ಒಣಕಡ್ಡಿ ಕಂಡೀತು. ಹೂಗಳು ಉದ್ದ ತೊಟ್ಟಿನಲ್ಲಿ ದೂರ ದೂರ ಜೋತಿರುತ್ತವೆ. ಮಳೆಗೆ ಬರುವ ಎಲೆ ಲಾಡಿಯಂತೆ ಸಪೂರ, ಚುಕ್ಕಿ ಇಲ್ಲ. ಲೆಡೆಬೂರಿಯಾದಲ್ಲಿ ಎಲೆಯಿರುವಾಗಲೇ ಹೂ. ಎಲೆ ಅಗಲ, ಮೇಲೆ ನೇರಳೆ ಚುಕ್ಕಿ. ನೆರಳಿನಲ್ಲಿ ಬೆಳೆದರೆ ಚುಕ್ಕಿ ಮಾಸುವುದುಂಟು, ಅದನ್ನೊಂದೇ ನೆಚ್ಚಬೇಡಿ, ಹೂವನ್ನೂ ನೋಡಿ. ಹಸಿರು-ನೇರಳೆ ಬಣ್ಣದ ಪುಟ್ಟ ಹೂಗಳು ಗೊಂಚಲಾಗಿ ಒತ್ತಾಗಿದ್ದು, ಎಸಳು ಹಿಂದಕ್ಕೆ ಸುರುಳಿಯಾಗಿರುತ್ತವೆ. ಕಾಯಿ ಒಡೆದರೆ ಇನ್ನೂ ಖಚಿತ: ಡ್ರಿಮಿಯಾದ ಬೀಜ ಕಪ್ಪು, ಚಪ್ಪಟೆ, ಗಾಳಿಗೆ ಹಾರುವಂಥದ್ದು. ಇನ್ನೊಂದರದ್ದು ಗುಂಡಗೆ.

ಗಡ್ಡೆ ನೋಡಿ ಮಾತ್ರ ತೀರ್ಮಾನಿಸಬೇಡಿ. ಡ್ರಿಮಿಯಾದ ಗಡ್ಡೆ ಥೇಟ್ ಉಳ್ಳಾಗಡ್ಡಿ, ಆದರೆ ಕೊಯ್ದರೆ ಆ ಘಾಟು ಇರುವುದಿಲ್ಲ, ರಸ ಲೋಳೆ, ಹತ್ತಿದ ಕೈ ತುರಿಸುತ್ತದೆ. ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷ ಅದರಲ್ಲಿದೆ. ಕುದಿಸಿದರೂ ನಂಬುವಂತಿಲ್ಲ. ಕಾಲಿನ ಆಣಿಗೆ ಅರೆದು ಕಟ್ಟುವ ರೂಢಿಯೂ ಬೇಡ, ಸಕ್ಕರೆ ಕಾಯಿಲೆಯವರಿಗಂತೂ ಬೇಡವೇ ಬೇಡ. ಅಡುಗೆಮನೆಯ ಬುಟ್ಟಿಯ ಹತ್ತಿರ ಇಡಬೇಡಿ. ಯಾರಾದರೂ ತಿಂದು ವಾಂತಿಯಾದರೆ ಗಡ್ಡೆಯ ಚೂರು ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ಕುಂಡಕ್ಕೆ ಎರಡೂ ಬರುತ್ತವೆ. ಬರೀ ಎರೆಮಣ್ಣು ಹಾಕಿದರೆ ನೀರು ಹಿಡಿದು ಗಡ್ಡೆ ಕೊಳೆಯುತ್ತದೆ. ಒಂದು ಪಾಲು ಮಣ್ಣಿಗೆ ಎರಡು ಪಾಲು ಗರಸು ಬೆರೆಸಿ, ಗಡ್ಡೆಯ ಕುತ್ತಿಗೆ ಮೇಲೆ ಕಾಣುವಂತೆ ಕೂಡಿಸಿ. ಎಲೆ ಹಳದಿಯಾದಾಗ ಜನ ಬಾಡಿತೆಂದು ನೀರು ಜಾಸ್ತಿ ಹಾಕುತ್ತಾರೆ. ಅದು ಗಡ್ಡೆ ಮಲಗುವ ಹೊತ್ತು, ಮುಂದಿನ ಚಿಗುರಿನವರೆಗೆ ನೀರು ನಿಲ್ಲಿಸಬೇಕು. ಡ್ರಿಮಿಯಾದ ಒಣಕುಂಡದಲ್ಲಿ ಬೇಸಿಗೆಗೆ ಕಡ್ಡಿ ತಾನೇ ಏಳುತ್ತದೆ. ಲೆಡೆಬೂರಿಯಾದ ಎಲೆತುದಿ ಮಣ್ಣಿಗೆ ತಾಗಿದಲ್ಲಿ ಕೆಲವೊಮ್ಮೆ ಮರಿಗಡ್ಡೆ ಕಟ್ಟುತ್ತದೆ, ಅದನ್ನು ಬಿಡಿಸಿ ನೆಡಬಹುದು. ನಿಮ್ಮ ಜಮೀನಿನದಾದರೆ ಒಂದೆರಡು ಗಡ್ಡೆ ಸಾಕು. ಚಿಂಚೋಳಿಯಂಥ ಅಭಯಾರಣ್ಯದಿಂದ ಕಿತ್ತು ತರುವುದು ಅಪರಾಧ.