ಪಾಲೆ ಕಷಾಯ ಕ್ಯಾನ್ಸರ್ ಸೆಲ್ ಕೊಲ್ಲುತ್ತೆ ಅಂತ ಲ್ಯಾಬಲ್ಲಿ ಪ್ರೂವ್ ಆಗಿದೆಯಂತೆ, ಕೀಮೋ ನಡೀತಿರೋ ನಮ್ಮ ಮಾವನಿಗೆ ದಿನಾ ಕೊಡಬಹುದಾ?

ಕೊಡಬೇಡಿ ಮಾರಾಯ್ರೆ. ನಾನು ಮಂಗಳೂರಲ್ಲಿ ಇಂಥದ್ದೇ ಟೆಸ್ಟ್ ಮಾಡೋ ಲ್ಯಾಬಲ್ಲಿ ಇರೋದು, ಪ್ರೂವ್ ಆಗಿದೆ ಅನ್ನೋ ಆ ರಿಸರ್ಚ್ ಪೇಪರಲ್ಲಿ ಎಂತ ಇರ್ತದೆ ಅಂತ ಹೇಳ್ತೇನೆ.

ಆಟಿ ಅಮಾವಾಸ್ಯೆಗೆ ನಾವು ಪಾಲೆ ಮರದ ಕೆತ್ತೆಯನ್ನು (ತೊಗಟೆಯನ್ನು) ಕಲ್ಲಲ್ಲಿ ಜಜ್ಜಿ ತಂದು, ಓಮ ಬೆಳ್ಳುಳ್ಳಿ ಕಾಳುಮೆಣಸು ಸೇರಿಸಿ ಅರೆದು, ಕಾಸಿದ ಬೆಣಚುಕಲ್ಲನ್ನು ಚುಂಯ್ ಅಂತ ಅದ್ದಿ ಕುಡೀತೇವಲ್ಲ, ಲ್ಯಾಬಲ್ಲಿ ಹೆಚ್ಚಾಗಿ ಟೆಸ್ಟ್ ಆಗೋದು ಅದಲ್ಲ. ಕೆತ್ತೆ ಒಣಗಿಸಿ ಪುಡಿ ಮಾಡಿ ಸಾಕ್ಸ್‌ಲೆಟ್ ಅನ್ನೋ ಸಾರ ತೆಗೆಯೋ ಗಾಜಿನ ಉಪಕರಣದಲ್ಲಿ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಹಾಕಿ ಗಂಟೆಗಟ್ಟಲೆ ಇಡ್ತಾರೆ, ನೀರಿಗೆ ಬಿಡದ ಎಷ್ಟೋ ಅಂಶ ಅದಕ್ಕೆ ಬಿಡ್ತದೆ. ಟೆಸ್ಟಿಗೆ ಹಾಕೋದು ಈ ರಸವನ್ನೇ.

ಬ್ಯಾಕ್ಟೀರಿಯಾ ಸಾಯಿಸ್ತದಾ ಅಂತ ನೋಡೋ ಟೆಸ್ಟ್ ಸುಲಭ. ಬ್ಯಾಕ್ಟೀರಿಯಾ ಬೆಳೆಸೋ ಅಗರ್ ಪ್ಲೇಟಲ್ಲಿ ತೂತು ಮಾಡಿ ರಸ ಹಾಕಿದ್ರೆ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಉಂಗುರ ಕಾಣ್ತದೆ, ಆದ್ರೆ ನಾವು ಮಿಲಿಗ್ರಾಂ ಲೆಕ್ಕದಲ್ಲಿ ಹಾಕಿರ್ತೇವೆ, ಹೋಲಿಸೋಕೆ ಪಕ್ಕದಲ್ಲಿಟ್ಟ ಜೆಂಟಾಮೈಸಿನ್ ಅನ್ನೋ ಆಂಟಿಬಯೋಟಿಕ್ ಡಿಸ್ಕಲ್ಲಿ ಇರೋದು ಬರೀ 10 ಮೈಕ್ರೋಗ್ರಾಂ.

ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಎಂಟಿಟಿ ಅನ್ನೋ ಟೆಸ್ಟ್. 96 ಗುಳಿ ಇರೋ ಪ್ಲೇಟಲ್ಲಿ ಸೆಲ್ ಬೆಳೆಸಿ ರಸ ಹಾಕಿ ಆಮೇಲೆ ಎಂಟಿಟಿ ಅನ್ನೋ ಹಳದಿ ಬಣ್ಣದ ರಾಸಾಯನಿಕ ಹಾಕೋದು, ಬದುಕಿರೋ ಸೆಲ್ ಅದನ್ನು ನೇರಳೆ ಮಾಡ್ತದೆ, ಸತ್ತಿದ್ರೆ ಹಳದಿಯೇ ಉಳೀತದೆ. ಇದರಲ್ಲೂ ಕಿತಾಪತಿ ಉಂಟು, ಕೆತ್ತೆಯ ಕೆಲವು ಅಂಶಗಳು ಸೆಲ್ಲೇ ಇಲ್ಲದ ಗುಳಿಯಲ್ಲೂ ತಾವೇ ನೇರಳೆ ಮಾಡಿಬಿಡ್ತವೆ, ಹಾಗಾಗಿ ಹೋಲಿಸೋಕೆ ಸೆಲ್ ಇಲ್ಲದೆ ಬರೀ ರಸ, ಎಂಟಿಟಿ ಹಾಕಿದ ಗುಳಿ ಬೇರೆ ಇಡಬೇಕು. ಇನ್ನು ಅರ್ಧ ಸೆಲ್ ಸಾಯೋಕೆ ಎಷ್ಟು ಬೇಕಾಯ್ತು ನೋಡಿ. ಕ್ರೂಡ್ (ಅಂಶಗಳನ್ನು ಬೇರ್ಪಡಿಸದ) ರಸಕ್ಕೆ ಮಿಲಿಲೀಟರಿಗೆ 30 ಮೈಕ್ರೋಗ್ರಾಂ ಒಳಗೆ ಬಂದ್ರೆ ಮುಂದೆ ನೋಡಬಹುದು ಅಂತ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ಲೆಕ್ಕ. 400, 500 ಹಾಕಿ ಸಾಯಿಸಿದ್ದಕ್ಕೂ ಅದ್ಭುತ ಫಲಿತಾಂಶ ಅಂತ ಬರೀತಾರೆ, ನಗು ಬರ್ತದೆ. ಒಳ್ಳೇ ಸೆಲ್ ಮೇಲೂ ಹಾಕಿ ನೋಡಿದ್ದಾರಾ ಅಂತ ಹುಡುಕಿ, ಎರಡೂ ಸಾಯೋದಾದ್ರೆ ಅದು ಬರೀ ವಿಷ.

ಗಿಡದಿಂದ ಮದ್ದು ಬರೋದೇ ಇಲ್ಲ ಅಂತಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಲ್ಲೇ ವಿನ್‌ಕ್ರಿಸ್ಟಿನ್ ಅನ್ನೋ ಕ್ಯಾನ್ಸರ್ ಮದ್ದು ಇರೋದು, 1963ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಮಕ್ಕಳ ಲ್ಯುಕೇಮಿಯಾಕ್ಕೆ ಈಗಲೂ ಕೊಡ್ತಾರೆ. ಆದ್ರೆ ಆ ಒಂದೇ ಅಂಶ ಬೇರ್ಪಡಿಸಿ, ಒಂದೆರಡು ಮಿಲಿಗ್ರಾಂ ಅಳೆದು ರಕ್ತನಾಳಕ್ಕೆ ಕೊಡೋದು, ಯಾರೂ ಎಲೆ ಅರೆದು ಕುಡಿಸೋದಿಲ್ಲ.

ಕೀಮೋ ನಡೀವಾಗ ಲಿವರ್‌ಗೆ ಮೊದಲೇ ಕೆಲಸ ಜಾಸ್ತಿ, ಕಷಾಯದ ಅಂಶ ಮದ್ದಿನ ಮಟ್ಟವನ್ನು ಏರಿಸಲೂಬಹುದು ಇಳಿಸಲೂಬಹುದು. ಈಗಾಗಲೇ ಕೊಟ್ಟಿದ್ರೆ ಮುಚ್ಚಿಡದೆ ಡಾಕ್ಟ್ರ ಹತ್ರ ಹೇಳಿ, ಬೈದ್ರೆ ಬೈಲಿ. ಮತ್ತೆ ಕೆತ್ತೆ ತಂದದ್ದು ಯಾರು ಅಂತಲೂ ಕೇಳಿ, ಕತ್ತಲಲ್ಲಿ ಪಾಲೆ ಅಂತ ಕಾಸರಕ ಮರದ ಕೆತ್ತೆ ತಂದ್ರೆ ಅದರಲ್ಲಿ ಸ್ಟ್ರಿಕ್ನಿನ್ ಅನ್ನೋ ವಿಷ ಇರ್ತದೆ, ಆರೋಗ್ಯವಾಗಿರೋರ ಜೀವಕ್ಕೂ ಅಪಾಯ.