ಇಳಕಲ್ ಸೀರಿ ಫೋಟೋಕ್ಕ 40 ಸಾವಿರದ ಕ್ಯಾಮೆರಾ ಬ್ಯಾಡ್ರಿ

ಆನ್‌ಲೈನ್ ಇಳಕಲ್ ಸೀರಿ ಮಾರಾಕ 40 ಸಾವಿರದ ಕ್ಯಾಮೆರಾ ತಗೊಳ್ಳೋದೋ, ಫೋನಿಗೆ ಒಂದು ರಿಂಗ್‌ಲೈಟ್ ಸಾಕೋ ಅಂತ ಕೇಳೀರಿ. ಎರಡೂ ಬ್ಯಾಡ್ರಿ. ಆ ರೊಕ್ಕದಾಗ ಇನ್ನೊಂದಿಷ್ಟು ಸೀರಿ ತರ್ರಿ. ನಾನೂ ಹುಬ್ಬಳ್ಳಿಯೊಳಗ ಮನಿಯಿಂದನ ಇದ ವ್ಯಾಪಾರ ಮಾಡಾಕಿ, ನೀವು ಈಗ ನಿಂತಿರೋ ಜಾಗಾದಾಗ ನಿಂತು ಪೆಟ್ಟು ತಿಂದಾಕಿ, ಅದಕ್ಕ ಇಷ್ಟು ಜೋರಾಗಿ ಹೇಳಾಕತ್ತೀನಿ.

ಹಗಲೆಲ್ಲ ಮನಿ ಕೆಲಸ, ಮಕ್ಕಳ ಸಾಲಿ, ಹಿಂಗಾಗಿ ನಾ ಫೋಟೋ ತೆಗೀತಿದ್ದದ್ದು ರಾತ್ರಿ ಊಟ ಆದಮ್ಯಾಲ. ನಡುಮನ್ಯಾಗ ಮ್ಯಾಲೊಂದು ಟ್ಯೂಬ್‌ಲೈಟ್, ಬಾಜೂಕ ಹಳದಿ ಬಲ್ಬು, ಎದುರಿಗೆ ಹೊಸಾ ರಿಂಗ್‌ಲೈಟ್. ಬೆಳಕು ಜಾಸ್ತಿ ಆದಷ್ಟೂ ಫೋಟೋ ಛಲೋ ಬರ್ತಾವ ಅಂತ ತಿಳ್ಕೊಂಡಿದ್ದೆ. ನೇರಳೆ ಒಡಲು, ಕೆಂಪು ಸೆರಗಿನ ಒಂದು ಸೀರಿ ಹಾಕಿದ್ದೆ, ಬೆಂಗಳೂರಿನ ಒಬ್ಬ ಅಕ್ಕಾರು ಅದನ್ನ ನೋಡಿ ಸೀಮಂತಕ್ಕ ಮನಿಯವ್ರೆಲ್ಲಾ ಒಂದ ಬಣ್ಣ ಉಡ್ತೀವಿ ಅಂತ ಒಮ್ಮೆಲೆ ದೊಡ್ಡ ಆರ್ಡರ್ ಕೊಟ್ರು, ನಾ ನೇಕಾರರಿಗೆ ರೊಕ್ಕ ಮುಂಗಡ ಕೊಟ್ಟು ಅದ ಬಣ್ಣದಾಗ ನೇಯ್ಸಿ ಕಳಿಸಿದೆ. ಬಾಕ್ಸ್ ತೆಗೆದ ಕೂಡ್ಲೆ ಫೋನ್ ಬಂತು, "ರೀ, ನಾವು ನೋಡಿದ್ದು ನೀಲಿ ಸೀರೆ, ಇದು ನೇರಳೆ." ಅವ್ರ ತಪ್ಪೇನೂ ಇರ್ಲಿಲ್ಲ, ನನ್ನ ಫೋಟೋದಾಗ ಅದು ನೀಲಿನ ಇತ್ತು. ಅಷ್ಟೂ ಸೀರಿ ವಾಪಸ್ ಬಂದು, ಹೋಗಾಕ ಬರಾಕ ಕೊರಿಯರ್ ಖರ್ಚು ನಂದ ಆತು, ಆಮ್ಯಾಲ ಒಂದೊಂದ ಕಡಿಮಿ ರೇಟಿಗೆ ಮಾರಬೇಕಾತು.

ಇದು ಯಾಕ ಆತು ಅನ್ನೋದನ್ನ ಸರಿಯಾಗಿ ಓದ್ರಿ. ಬಿಳಿ ಯಾವುದು ಅಂತ ಕ್ಯಾಮೆರಾಕ್ಕ ಗೊತ್ತಿರಂಗಿಲ್ಲ, ಅದು ಅಂದಾಜು ಮಾಡ್ತೈತಿ. ಬೆಳಕಿನ ಬಣ್ಣಾನ್ನ ಕೆಲ್ವಿನ್ ಲೆಕ್ಕದಾಗ ಅಳೀತಾರ, ಅಂಕಿ ಕಡಿಮಿ ಇದ್ರ ಹಳದಿ, ಹೆಚ್ಚಿದ್ರ ನೀಲಿ ಕಡೆ. ಹಳದಿ ಬಲ್ಬಿನ ಬೆಳಕು 2700ರಿಂದ 3000 ಕೆಲ್ವಿನ್, ಬಿಳಿ ಟ್ಯೂಬ್‌ಲೈಟ್ ಹೆಚ್ಚಾಗಿ 6500ರ ಸುತ್ತ. ಎರಡೂ ಒಂದ ಸೀರಿ ಮ್ಯಾಲ ಬಿದ್ರ ಫೋನು ಒಂದನ್ನ ಸರಿ ಮಾಡಾಕ ಹೋಗಿ ಇನ್ನೊಂದನ್ನ ಕೆಡಸ್ತೈತಿ. ಅದರಾಗ ಕೆಂಪು ಸೆರಗು ಫ್ರೇಮಿನ ತುಂಬಾ ಇದ್ರ ಬೆಳಕ ಕೆಂಪೈತಿ ಅಂತ ತಿಳ್ಕೊಂಡು ಉಳಿದ ಬಣ್ಣಾನ್ನ ನೀಲಿ-ಹಸಿರಿನ ಕಡೆ ಎಳೀತೈತಿ. ನೇರಳೆ ಅಂತೂ ಮೊದಲ ಫೋನಿಗೆ ಕಷ್ಟದ ಬಣ್ಣ, ಭಾಳ ಸಲ ನೀಲಿ ಆಗಿಬಿಡ್ತೈತಿ. ಇಷ್ಟು ಸಾಲದು ಅಂತ ನಾ ಆ್ಯಪಿನ್ಯಾಗ ಸ್ಯಾಚುರೇಶನ್, ಅಂದ್ರ ಬಣ್ಣದ ಗಾಢತನ, ಏರಿಸಿದ್ದೆ. ನಿಮ್ಮ 40 ಸಾವಿರದ ಕ್ಯಾಮೆರಾ ಆಟೋದಾಗ ಇಟ್ಟು ಆ ನಡುಮನ್ಯಾಗ ತೆಗೆದಿದ್ರೂ ಬಣ್ಣ ಕೆಡ್ತಿತ್ತು.

ಅದಕ್ಕ ಮನಿಯಾಗಿನ ಲೈಟೆಲ್ಲ ಆರಿಸ್ರಿ, ಹಗಲಿನ್ಯಾಗ ಕಿಟಕಿ ಬಾಜೂಕ ತೆಗೀರಿ, ನೇರ ಬಿಸಿಲು ಬೀಳೋ ಕಿಟಕಿ ಅಲ್ಲ, ಉತ್ತರದ್ದಿದ್ರ ಭಾಳ ಛಲೋ. ಬೆಳಕು ಒಂದು ಬಾಜೂದಿಂದ ಬಂದ್ರ ನೇಯ್ಗಿ ಎದ್ದು ಕಾಣ್ತೈತಿ, ಇನ್ನೊಂದು ಬಾಜೂಕ ಒಂದು ಥರ್ಮಾಕೋಲ್ ಶೀಟ್ ನಿಲ್ಲಿಸ್ರಿ, ನೆರಳು ತಿಳಿ ಆಗ್ತೈತಿ. ರಿಂಗ್‌ಲೈಟ್ ಎದುರಿಂದ ಹೊಡೆದ್ರ ರೇಷ್ಮಿ ಸೆರಗು ಮಿಂಚಿ ಬಣ್ಣನ ಹೋಗ್ತೈತಿ. ಫೋನಿನ ಕ್ಯಾಮೆರಾದಾಗ ಪ್ರೋ ಮೋಡ್ (ಎಲ್ಲಾ ನಾವ ಕೈಯಿಂದ ಹೊಂದಿಸೋದು) ಇದ್ರ ಸೀರಿ ಮ್ಯಾಲ ಬಿಳಿ ಹಾಳಿ ಇಟ್ಟು, ಅದು ಸ್ಕ್ರೀನಿನ್ಯಾಗ ಬಿಳಿ ಕಾಣೋವರೆಗೂ ವೈಟ್ ಬ್ಯಾಲೆನ್ಸ್ (ಬಿಳಿ ಯಾವುದು ಅಂತ ಫೋನಿಗೆ ಹೇಳೋ ಸೆಟ್ಟಿಂಗ್) ತಿರುವಿ, ಅದನ್ನ ಅಲ್ಲೇ ಬಿಟ್ಟು ಹಾಳಿ ತೆಗೀರಿ. ಎಕ್ಸ್‌ಪೋಶರ್, ಅಂದ್ರ ಫೋಟೋದ ಬೆಳಕು, ಸ್ವಲ್ಪ ಇಳಿಸ್ರಿ, ಇಲ್ಲಾಂದ್ರ ಸೆರಗಿನ ಬಿಳಿ ತೆನಿ ವಿನ್ಯಾಸ ಬರೇ ಪಟ್ಟಿ ಕಂಡಂಗ ಕಾಣ್ತಾವ. ಹತ್ರ ಹೋಗಿ ತೆಗೀಬ್ಯಾಡ್ರಿ, ಹಿಂದ ಸರಿದು ಜೂಮ್ 2ಎಕ್ಸ್ ಇಟ್ರ ದಡಿ ನೆಟ್ಟಗ ಬರ್ತೈತಿ. ತೆಗೆದಮ್ಯಾಲ ಅಲ್ಲೇ ಕಿಟಕಿ ಹತ್ರ ಸೀರಿ ಬಾಜೂಕ ಫೋನ್ ಹಿಡಿದು ನೋಡ್ರಿ, ಬಣ್ಣ ಹೊಂದಲಿಲ್ಲಾಂದ್ರ ಹಾಕಬ್ಯಾಡ್ರಿ. ಫೋಟೋದ ಕೆಳಗ ಸಾದಾ ಮಾತಿನ್ಯಾಗ "ನೇರಳೆ, ನೀಲಿ ಅಲ್ಲ" ಅಂತ ಬರೀರಿ, ಗಿರಾಕಿ ಸ್ಕ್ರೀನ್ ಹೆಂಗೈತೋ ನಮಗ ಗೊತ್ತಿರಂಗಿಲ್ಲ. ಹಾಸು (ಉದ್ದನ ಎಳಿ) ಒಂದು ಬಣ್ಣ ಹೊಕ್ಕು (ಅಡ್ಡ ಎಳಿ) ಒಂದು ಬಣ್ಣ ಇರೋ ಸೀರಿ ಅಲ್ಲಾಡಿದಂಗ ಬಣ್ಣ ಬ್ಯಾರೆ ಕಾಣ್ತೈತಿ, ಅದಕ್ಕ ಫೋಟೋ ಸಾಕಾಗಂಗಿಲ್ಲ, ನಿರಿಗಿ ಅಲ್ಲಾಡಿಸಿ ಸಣ್ಣ ವಿಡಿಯೋ ಮಾಡ್ರಿ.

ಮುಂದ ಅಮೆಜಾನ್‌ನ್ಯಾಗ ಹಾಕೋದಿದ್ರ ಮೊದಲನೇ ಫೋಟೋಕ್ಕ ಅಪ್ಪಟ ಬಿಳಿ ಹಿನ್ನೆಲೆ ಬೇಕು, ವಸ್ತು ಫ್ರೇಮಿನ 85% ತುಂಬಿರಬೇಕು, ಜೂಮ್ ಆಗಾಕ ಉದ್ದನ ಬಾಜು 1000 ಪಿಕ್ಸೆಲ್ ದಾಟಿರಬೇಕು. ಯಾವ ಫೋನಾದ್ರೂ ಇಷ್ಟು ಮಾಡ್ತೈತಿ.

ಇನ್ನ ಮಾಡೆಲ್, ಹೂವಿನ ಕುಂಡ, ಹಿತ್ತಾಳಿ ದೀಪ ಇಟ್ಟು ತೆಗೆಯೋದು ನನಗ ಸೇರಂಗಿಲ್ಲ. ಅದರ ಬದ್ಲಿ ಕೊಂಡಿ ಫೋಟೋ ಹಾಕ್ರಿ. ಇಳಕಲ್ ಸೀರ್ಯಾಗ ಒಡಲಿನ ಹಾಸಿನ ಎಳಿಗೆ ಸೆರಗಿನ ಹಾಸಿನ ಎಳಿ ಕೊಂಡಿ ಹಾಕಿ ಕೂಡಿಸಿರ್ತಾರಲ್ಲ, ಆ ಗೆರಿ ಹತ್ರದಿಂದ, ಒಳಮೈ ಹೊರಮೈ ಎರಡೂ. ಸೀರಿ ತಿಳಿದವ್ರು ಮೊದಲ ಕೇಳೋದ ಅದನ್ನ, ನೇಕಾರನ ಕೈ ಕಾಣೋದೂ ಅಲ್ಲೇ. ಆ ಫೋಟೋ ವಾಟ್ಸಾಪ್‌ನ್ಯಾಗ ಕಳಸುವಾಗ ಡಾಕ್ಯುಮೆಂಟ್ ಅಂತ ಕಳಸ್ರಿ, ಫೋಟೋ ಅಂತ ಕಳಿಸಿದ್ರ ಕುಗ್ಗಿಸಿ ಎಳಿ ಎಲ್ಲಾ ಮಸುಕು ಮಾಡ್ತೈತಿ.